ಹಿಂಚಕ್ರ ಚಾಲನೆಯ ಕಾರು ಮತ್ತು ಚಳಿಗಾಲದ ಟೈರು

ಹಿಂಚಕ್ರ ಚಾಲನೆಯ ಕಾರು ಮತ್ತು ಚಳಿಗಾಲದ ಟೈರು: ಎಂಜಿನ್ ಇಲ್ಲವೆ ಮೋಟಾರಿನ ಬಲವು ಹಿಂದಿನ ಎರಡು ಚಕ್ರಗಳಿಗೆ ಮಾತ್ರ ಸಾಗುವ ಕಾರನ್ನು ಹಿಮ, ಮಂಜುಗಡ್ಡೆ ಮತ್ತು ಕೊರೆಯುವ ಚಳಿಯ ರಸ್ತೆಗಳಲ್ಲಿ ಸುರಕ್ಷಿತವಾಗಿ ಓಡಿಸಲು ಬೇಕಾದ ಟೈರುಗಳ ಬಗೆ, ಗುಣ ಹಾಗೂ ಆಯ್ಕೆಯ ವಿಷಯ. ಕೆನಡ, ಅಮೆರಿಕದ ಉತ್ತರ ರಾಜ್ಯಗಳು, ಉತ್ತರ ಮತ್ತು ಮಧ್ಯ ಯೂರೋಪು, ಜಪಾನಿನ ಉತ್ತರ ಭಾಗಗಳಲ್ಲಿ ಎಲೆ ಉದುರುವ ಹೊತ್ತಿಗೆ ಕಾರಿನ ಒಡೆಯರೆಲ್ಲರೂ ಎದುರಿಸುವ ಪ್ರಶ್ನೆ ಇದು. ಚಳಿಗಾಲಕ್ಕೆಂದೇ ಬೇರೆ ಟೈರು ಹಾಕಿಸಬೇಕೆ, ವರ್ಷವಿಡೀ ಓಡುವ ಸರ್ವಋತು ಟೈರು ಸಾಕೆ?

ಹಿಮದಲ್ಲಿ ಹಿಂಚಕ್ರ ಚಾಲನೆಯ ಕಾರು ಕೆಲಸಕ್ಕೆ ಬಾರದು ಎಂಬ ಮಾತು ಆ ನಾಡುಗಳಲ್ಲಿ ಹಳೆಯದು. ಆ ಮಾತು ಅರ್ಧ ಮಾತ್ರ ನಿಜ. ಯಾವ ಚಕ್ರ ಕಾರನ್ನು ದೂಡುತ್ತದೆ ಎಂಬುದರ ಮೇಲೆ ಕಾರು ನಿಂತಲ್ಲಿಂದ ಹೊರಡುವುದು ಮತ್ತು ಏರು ಹತ್ತುವುದು ನಿಂತಿದೆ. ಕಾರು ನಿಲ್ಲುವುದು, ತಿರುಗುವುದು ನಾಲ್ಕೂ ಟೈರುಗಳ ಹಿಡಿತವನ್ನು ನಂಬಿದೆ. ಸ್ಕ್ಯಾಂಡಿನೇವಿಯ ಮತ್ತು ಜರ್ಮನಿಯಲ್ಲಿ ವೋಲ್ವೊ, ಮರ್ಸಿಡಿಸ್, ಬಿಎಂಡಬ್ಲ್ಯು ಕಂಪನಿಗಳ ಹಿಂಚಕ್ರ ಚಾಲನೆಯ ಕಾರುಗಳು ದಶಕಗಳ ಕಾಲ ಚಳಿಗಾಲವನ್ನು ದಾಟಿದ್ದು ತಕ್ಕ ಟೈರುಗಳ ಬಲದಿಂದ.

ಹಿಂಚಕ್ರ ಚಾಲನೆಯ ಸ್ವಭಾವ

ಟೈರು ರಸ್ತೆಯನ್ನು ಹಿಡಿಯುವ ಬಲ ಎರಡು ಸಂಗತಿಗಳನ್ನು ಅವಲಂಬಿಸಿದೆ. ಮೊದಲನೆಯದು ಅದರ ಮೇಲೆ ಬಿದ್ದಿರುವ ಭಾರ. ಎರಡನೆಯದು ರಬ್ಬರು ಮತ್ತು ನೆಲದ ನಡುವಿನ ಘರ್ಷಣಾಂಕ. ಮುಂಚಕ್ರ ಚಾಲನೆಯ ಕಾರಿನಲ್ಲಿ ಎಂಜಿನ್ ಮತ್ತು ಗೇರುಪೆಟ್ಟಿಗೆ ಎರಡೂ ಮುಂದಿನ ಅಚ್ಚಿನ ಮೇಲೆ ಕೂತಿರುವುದರಿಂದ ಒಟ್ಟು ತೂಕದ ಸುಮಾರು ಶೇ. 60ರಷ್ಟು ದೂಡುವ ಚಕ್ರಗಳ ಮೇಲೆಯೇ ಬೀಳುತ್ತದೆ. ಎಂಜಿನ್ ಮುಂದಿದ್ದು ಹಿಂದಿನ ಚಕ್ರಗಳು ದೂಡುವ ಕಾರಿನಲ್ಲಿ ಆ ಪಾಲು ಶೇ. 50ರ ಆಸುಪಾಸು. ಸರಕು ಹೇರದ ಪಿಕಪ್ ಗಾಡಿಯಲ್ಲಿ ಅದು ಇನ್ನೂ ಕಡಿಮೆ. ಎಂಜಿನ್ ಹಿಂದೆಯೇ ಇದ್ದ ಹಳೆಯ ಫೋಕ್ಸ್‌ವ್ಯಾಗನ್ ಬೀಟಲ್ ಹಿಮದಲ್ಲಿ ಚೆನ್ನಾಗಿ ಓಡುತ್ತದೆಂಬ ಹೆಸರು ಗಳಿಸಿದ್ದು ದೂಡುವ ಚಕ್ರಗಳ ಮೇಲೆ ಭಾರದ ಹೆಚ್ಚು ಪಾಲು ಇದ್ದುದರಿಂದ.

ಒಂದು ಲೆಕ್ಕದಿಂದ ಇದು ಸ್ಪಷ್ಟವಾಗುತ್ತದೆ. 1,600 ಕಿ.ಗ್ರಾಂ. ತೂಕದ ಹಿಂಚಕ್ರ ಚಾಲನೆಯ ಕಾರಿನ ಹಿಂದಿನ ಅಚ್ಚಿನ ಮೇಲೆ 800 ಕಿ.ಗ್ರಾಂ. ಇದೆ ಎನ್ನೋಣ. ತುಳಿದು ಗಟ್ಟಿಯಾದ ಹಿಮದ ಮೇಲೆ ಘರ್ಷಣಾಂಕ 0.2 ಆದರೆ ಆ ಚಕ್ರಗಳು ಕೊಡಬಲ್ಲ ಗರಿಷ್ಠ ನೂಕುಬಲ 160 ಕಿ.ಗ್ರಾಂ. ತೂಕಕ್ಕೆ ಸಮ. ನೂರು ಅಡಿಗೆ ಹತ್ತು ಅಡಿ ಏರುವ ದಾರಿಯಲ್ಲಿ ಕಾರನ್ನು ಹಿಂದಕ್ಕೆ ಎಳೆಯುವ ಬಲವೂ ಹೆಚ್ಚುಕಡಿಮೆ ಅಷ್ಟೇ. ಅಂದರೆ ಕಾರು ಆ ಏರಿನಲ್ಲಿ ಚಕ್ರ ಸುತ್ತುತ್ತ ನಿಂತುಬಿಡುತ್ತದೆ. ಉತ್ತಮ ಟೈರಿನಿಂದ ಘರ್ಷಣಾಂಕ 0.3ಕ್ಕೆ ಏರಿದರೆ ನೂಕುಬಲ 240 ಕಿ.ಗ್ರಾಂ. ಆಗಿ ಅದೇ ಕಾರು ಅದೇ ಏರನ್ನು ಸಲೀಸಾಗಿ ಹತ್ತುತ್ತದೆ. ನಾಲ್ಕೂ ಚಕ್ರಗಳಿಂದ ದೂಡುವ ಕಾರಿಗೆ ಹೊರಡುವಾಗ ಅನುಕೂಲ ಹೆಚ್ಚು ಎಂಬುದು ಸರಿ. ಆದರೆ ಬ್ರೇಕು ಎಲ್ಲ ಕಾರುಗಳಲ್ಲೂ ನಾಲ್ಕು ಚಕ್ರಗಳಿಗೇ ಇರುತ್ತದೆ. ನಿಲ್ಲುವ ಹೊತ್ತಿನಲ್ಲಿ ಆ ಅನುಕೂಲ ಉಳಿಯುವುದಿಲ್ಲ.

ಹಿಂಚಕ್ರ ಚಾಲನೆಯ ಎರಡನೆಯ ಗುಣ ತಿರುವಿನಲ್ಲಿ ಕಾಣುತ್ತದೆ. ಮುಂದಿನ ಚಕ್ರಗಳು ದಿಕ್ಕು ತಿರುಗಿಸುವ ಕೆಲಸವನ್ನಷ್ಟೇ ಮಾಡುವುದರಿಂದ ಸ್ಟಿಯರಿಂಗ್ ಹಗುರವಾಗಿ, ನಿಖರವಾಗಿ ಇರುತ್ತದೆ. ಆದರೆ ಜಾರುವ ತಿರುವಿನಲ್ಲಿ ಆಕ್ಸಿಲರೇಟರ್ ಹೆಚ್ಚು ಒತ್ತಿದರೆ ಹಿಂದಿನ ಚಕ್ರಗಳು ಹಿಡಿತ ಕಳೆದುಕೊಂಡು ಕಾರಿನ ಹಿಂಬದಿ ಹೊರಕ್ಕೆ ಬೀಸುತ್ತದೆ. ಮುಂಚಕ್ರ ಚಾಲನೆಯ ಕಾರು ಇಂಥಲ್ಲಿ ಸಾಮಾನ್ಯವಾಗಿ ಮೂತಿಯನ್ನು ಹೊರಕ್ಕೆ ತಳ್ಳುತ್ತ ನೇರ ಸಾಗುತ್ತದೆ, ಕಾಲು ತೆಗೆದರೆ ದಾರಿಗೆ ಮರಳುತ್ತದೆ. ಹಿಂಬದಿ ಬೀಸಿದ ಕಾರನ್ನು ಸರಿಪಡಿಸಲು ಚಾಲಕ ಬೀಸಿದ ದಿಕ್ಕಿಗೇ ಚುರುಕಾಗಿ ಸ್ಟಿಯರಿಂಗ್ ತಿರುಗಿಸಬೇಕು. ಅಭ್ಯಾಸವಿಲ್ಲದವರಿಗೆ ಇದು ಸುಲಭವಲ್ಲ. ಈ ಕಾರಣಕ್ಕೆ ಹಿಂದಿನ ಟೈರುಗಳ ಹಿಡಿತ ಇಲ್ಲಿ ಹೊರಡುವುದಕ್ಕೂ ಸ್ಥಿರತೆಗೂ ಒಟ್ಟಿಗೆ ಆಧಾರ.

ಡಿಫರೆನ್ಷಿಯಲ್ಲಿನ ಪಾತ್ರವನ್ನೂ ಇಲ್ಲಿ ಹೇಳಬೇಕು. ಸಾಮಾನ್ಯ ಡಿಫರೆನ್ಷಿಯಲ್ ಎರಡೂ ಹಿಂಚಕ್ರಗಳಿಗೆ ಸಮನಾದ ಬಲ ಕೊಡುತ್ತದೆ. ಒಂದು ಚಕ್ರ ಮಂಜುಗಡ್ಡೆಯ ಮೇಲಿದ್ದು ಬರಿದೇ ಸುತ್ತಿದರೆ ಇನ್ನೊಂದಕ್ಕೂ ಅಷ್ಟೇ ಅಲ್ಪ ಬಲ ದೊರೆತು ಕಾರು ಕದಲುವುದಿಲ್ಲ. ಜಾರಿಕೆಯನ್ನು ಮಿತಿಗೊಳಿಸುವ ಡಿಫರೆನ್ಷಿಯಲ್ ಅಥವಾ ಸುತ್ತುವ ಚಕ್ರಕ್ಕೆ ಬ್ರೇಕು ಹಾಕುವ ಎಲೆಕ್ಟ್ರಾನಿಕ್ ವ್ಯವಸ್ಥೆ ಇದ್ದರೆ ಹಿಡಿತವಿರುವ ಚಕ್ರಕ್ಕೆ ಹೆಚ್ಚು ಬಲ ಸಿಗುತ್ತದೆ.

ಚಳಿ ಮತ್ತು ರಬ್ಬರು

ರಬ್ಬರು ತಂಪಾದಂತೆ ಗಡುಸಾಗುತ್ತದೆ. ಬೇಸಿಗೆಯ ಟೈರಿನ ಮಿಶ್ರಣವು ಬಿಸಿ ಡಾಂಬರಿನ ಮೇಲೆ ಬೇಗ ಸವೆಯದೆ, ಮೆದುವಾಗಿ ಹಿಸುಕಿಹೋಗದೆ ಇರುವಂತೆ ತಯಾರಾಗಿರುತ್ತದೆ. ಚಳಿಯಲ್ಲಿ ಆ ಗುಣವೇ ದೋಷವಾಗುತ್ತದೆ. ಗಡುಸಾದ ರಬ್ಬರು ರಸ್ತೆಯ ಸಣ್ಣ ಸಣ್ಣ ಉಬ್ಬುತಗ್ಗುಗಳೊಳಗೆ ಇಳಿದು ಹಿಡಿಯಲಾರದು. ಚಳಿಗಾಲದ ಟೈರಿನಲ್ಲಿ ಸೊನ್ನೆಗಿಂತ ಬಹಳ ಕೆಳಗೂ ಮೆದುವಾಗಿಯೇ ಉಳಿಯುವ ಪಾಲಿಮರುಗಳು, ನೈಸರ್ಗಿಕ ರಬ್ಬರು ಮತ್ತು ಸಿಲಿಕಾ ಬಳಕೆಯಾಗುತ್ತವೆ.

ಟೈರು ಬದಲಿಸಲು 7 ಡಿಗ್ರಿ ಸೆಲ್ಸಿಯಸ್ ಎಂಬ ಗಡಿ ಯೂರೋಪಿನಲ್ಲಿ ಜನಜನಿತ. ಆ ಅಂಕಿ ದಾಟಿದ ಕೂಡಲೇ ಬೇಸಿಗೆಯ ಟೈರು ಕೈಕೊಡುತ್ತದೆ ಎಂದು ತಿಳಿಯಬಾರದು. ಹಿಡಿತ ಕ್ರಮೇಣ ಕುಂದುತ್ತದೆ, 7 ಡಿಗ್ರಿ ನೆನಪಿಗೆ ಸುಲಭವಾದ ಎಚ್ಚರಿಕೆಯ ಗೆರೆ. ಬೆಳಗಿನ ಹೊತ್ತಿನ ಉಷ್ಣಾಂಶ ದಿನವೂ ಆ ಗೆರೆಯ ಕೆಳಗಿಳಿಯತೊಡಗಿದರೆ ಟೈರು ಬದಲಿಸುವ ಕಾಲ ಬಂತೆಂದು ಅರ್ಥ. ಇದರ ಮಗ್ಗುಲ ಸತ್ಯವೊಂದಿದೆ: ಚಳಿಗಾಲದ ಟೈರನ್ನು ಬೇಸಿಗೆಯಲ್ಲೂ ಓಡಿಸಿದರೆ ಅದು ಬೇಗ ಸವೆಯುತ್ತದೆ, ಒಣ ರಸ್ತೆಯಲ್ಲಿ ನಿಲ್ಲಲು ಹೆಚ್ಚು ದೂರ ತೆಗೆದುಕೊಳ್ಳುತ್ತದೆ, ತಿರುವಿನಲ್ಲಿ ಮೆತ್ತಗೆ ಹೊರಳುತ್ತದೆ.

ತೋಡು ಮತ್ತು ಸೀಳು

ಚಳಿಗಾಲದ ಟೈರಿನ ಮೈಯನ್ನು ಹತ್ತಿರದಿಂದ ನೋಡಿದರೆ ಎರಡು ಬಗೆಯ ಕೆತ್ತನೆ ಕಾಣುತ್ತದೆ. ಅಗಲವಾದ, ಆಳವಾದ ತೋಡುಗಳು ಹಿಮವನ್ನು ಕಚ್ಚಿ ತುಂಬಿಕೊಳ್ಳುತ್ತವೆ. ತೋಡಿನೊಳಗೆ ಅದುಮಿಕೊಂಡ ಹಿಮ ನೆಲದ ಹಿಮಕ್ಕೆ ಅಂಟಿ ಒತ್ತುವುದರಿಂದ ಹಿಡಿತ ಹೆಚ್ಚುತ್ತದೆ. ಮಕ್ಕಳು ಹಿಮದ ಉಂಡೆ ಕಟ್ಟುವಾಗ ಹಿಮ ಹಿಮಕ್ಕೆ ಅಂಟುವ ಗುಣ ಇದೇ. ಹೀಗಾಗಿ ಹಿಮ ತುಂಬಿದ ತೋಡು ಕೆಟ್ಟದ್ದಲ್ಲ. ಕೆಸರಿನಲ್ಲಿ ಓಡುವ ಟೈರಿಗೂ ಇದಕ್ಕೂ ಇರುವ ವ್ಯತ್ಯಾಸ ಇದು.

ಇನ್ನೊಂದು ಬಗೆ, ರಬ್ಬರಿನ ದಿಂಡುಗಳ ಮೇಲೆ ಅಲಗಿನಿಂದ ಗೀರಿದಂತಿರುವ ನೂರಾರು ಸಪೂರ ಸೀಳುಗಳು. ಇವನ್ನು ಸೈಪ್ ಎನ್ನುತ್ತಾರೆ. ರಬ್ಬರಿನಲ್ಲಿ ಇಂಥ ಸೀಳು ಹಾಕುವ ವಿಧಾನಕ್ಕೆ 1920ರ ದಶಕದಲ್ಲಿ ಅಮೆರಿಕದಲ್ಲಿ ಪೇಟೆಂಟ್ ಪಡೆದ ಜಾನ್ ಎಫ್. ಸೈಪ್ ಅವರ ಹೆಸರಿನಿಂದ ಈ ಪದ ಬಂದಿದೆ. ಟೈರು ನೆಲ ಮುಟ್ಟಿದಾಗ ಸೀಳುಗಳು ಕೊಂಚ ಬಾಯಿ ಬಿಟ್ಟು ಅಸಂಖ್ಯ ಅಂಚುಗಳಿಂದ ಹಿಮವನ್ನು ಕಚ್ಚುತ್ತವೆ. ಮಂಜುಗಡ್ಡೆಯ ಮೇಲಿನ ತೆಳು ನೀರಿನ ಪೊರೆಯನ್ನು ಒರೆಸಿಹಾಕಲೂ ಇವು ನೆರವಾಗುತ್ತವೆ. ಸೊನ್ನೆಯ ಸಮೀಪದಲ್ಲಿರುವ ಮಂಜುಗಡ್ಡೆ ಬಹಳ ಜಾರುವುದು ಈ ನೀರಿನ ಪೊರೆಯಿಂದ. ಚಳಿ ಇನ್ನೂ ಹೆಚ್ಚಿದರೆ ಜಾರಿಕೆ ಒಂದಿಷ್ಟು ಕಡಿಮೆಯಾಗುತ್ತದೆ.

ಹೊಸ ಚಳಿಗಾಲದ ಟೈರಿನ ತೋಡು ಸಾಮಾನ್ಯವಾಗಿ 8 ಮಿ.ಮೀ. ಆಸುಪಾಸು ಆಳವಿರುತ್ತದೆ. ಅನೇಕ ದೇಶಗಳಲ್ಲಿ ಟೈರಿಗೆ ಕಾನೂನು ಒಪ್ಪುವ ಕನಿಷ್ಠ ಆಳ 1.6 ಮಿ.ಮೀ. ಹಿಮದ ಮಟ್ಟಿಗೆ ಇದು ಬೋಳು ಟೈರೇ ಸರಿ. 4 ಮಿ.ಮೀ.ಗಿಂತ ಕೆಳಗಿಳಿದ ಟೈರನ್ನು ಮುಂದಿನ ಚಳಿಗಾಲಕ್ಕೆ ನೆಚ್ಚಬಾರದೆಂದು ತಜ್ಞರು ಹೇಳುತ್ತಾರೆ.

ಬೆಳವಣಿಗೆ

ಚಳಿಗಾಲಕ್ಕೆಂದೇ ಟೈರು ತಯಾರಿಸುವ ಪರಂಪರೆ ಫಿನ್ಲೆಂಡಿನಲ್ಲಿ ಬೇರೂರಿತು. ಅಲ್ಲಿನ ನೋಕಿಯ ಪಟ್ಟಣದ ರಬ್ಬರು ಕಾರ್ಖಾನೆ 1934ರಲ್ಲಿ ಲಾರಿಗಳಿಗಾಗಿ ಚಳಿಗಾಲದ ಟೈರನ್ನು ಹೊರತಂದಿತು. 1936ರಲ್ಲಿ ಕಾರುಗಳಿಗಾಗಿ ಬಂದ ಟೈರಿಗೆ ಹಕ್ಕಪೆಲಿಟ್ಟ ಎಂದು ಹೆಸರಾಯಿತು. ಅದು 17ನೆಯ ಶತಮಾನದ ಫಿನ್ನಿಶ್ ಅಶ್ವಸೈನಿಕರ ಹೆಸರು. ನೋಕಿಯನ್ ಟೈರ್ಸ್ ಎಂಬ ಹೆಸರಿನಲ್ಲಿ ಮುಂದುವರಿದಿರುವ ಆ ಸಂಸ್ಥೆ ಇಂದಿಗೂ ಅದೇ ಹೆಸರಿನ ಟೈರುಗಳನ್ನು ಮಾರುತ್ತಿದೆ.

ಟಂಗ್‌ಸ್ಟನ್ ಕಾರ್ಬೈಡಿನ ಮೊಳೆ ನೆಟ್ಟ ಟೈರುಗಳು 1960ರ ದಶಕದಲ್ಲಿ ವ್ಯಾಪಕವಾದವು. ಬೆತ್ತಲೆ ಮಂಜುಗಡ್ಡೆಯ ಮೇಲೆ ಇವುಗಳ ಹಿಡಿತ ಬಹಳ ಒಳ್ಳೆಯದು. ಆದರೆ ಹಿಮವಿಲ್ಲದ ದಿನಗಳಲ್ಲಿ ಮೊಳೆಗಳು ರಸ್ತೆಯನ್ನು ಕೆರೆದು ಧೂಳೆಬ್ಬಿಸುತ್ತವೆ. ಜಪಾನಿನ ಸೆಂಡಾಯ್ ಮೊದಲಾದ ನಗರಗಳಲ್ಲಿ ಈ ಧೂಳು ಜನರ ಆರೋಗ್ಯದ ಸಮಸ್ಯೆಯಾಗಿ, 1990ರಲ್ಲಿ ಮೊಳೆ ಟೈರುಗಳನ್ನು ನಿರ್ಬಂಧಿಸುವ ಕಾನೂನು ಬಂದಿತು. ಮೊಳೆಯಿಲ್ಲದೆಯೇ ಮಂಜುಗಡ್ಡೆಯನ್ನು ಹಿಡಿಯುವ ಟೈರುಗಳ ಸಂಶೋಧನೆಗೆ ಈ ಧೂಳಿನ ಸಮಸ್ಯೆ ಒತ್ತು ನೀಡಿತು. ಬ್ರಿಜ್‌ಸ್ಟೋನ್ 1988ರಲ್ಲಿ ಹೊರತಂದ ಬ್ಲಿಜ಼ಾಕ್ ಈ ಸಾಲಿನ ಹೆಸರಾಂತ ಟೈರು. ಅದರ ರಬ್ಬರಿನೊಳಗಿನ ಸೂಕ್ಷ್ಮ ರಂಧ್ರಗಳು ಮಂಜುಗಡ್ಡೆಯ ಮೇಲಿನ ನೀರನ್ನು ಹೀರಿ ಸರಿಸುತ್ತವೆ.

ಸರ್ವಋತು ಟೈರಿನ ಕಥೆ ಅಮೆರಿಕದ್ದು. ಗುಡ್‌ಇಯರ್ 1977ರಲ್ಲಿ ಟಿಯೆಂಪೊ ಎಂಬ ರೇಡಿಯಲ್ ಟೈರನ್ನು ಎಲ್ಲ ಋತುಗಳಿಗೂ ಒಂದೇ ಟೈರು ಎಂದು ಮಾರುಕಟ್ಟೆಗೆ ತಂದಿತು. ವರ್ಷಕ್ಕೆ ಎರಡು ಬಾರಿ ಟೈರು ಬದಲಿಸುವ ಗೋಜು ತಪ್ಪಿದ್ದರಿಂದ ಉತ್ತರ ಅಮೆರಿಕದ ಬಹುಪಾಲು ಕಾರುಗಳಿಗೆ ಸರ್ವಋತು ಟೈರೇ ರೂಢಿಯಾಯಿತು. ಯೂರೋಪಿನಲ್ಲಿ ಅದಕ್ಕೆ ಮನ್ನಣೆ ಸಿಕ್ಕಿದ್ದು ಬಹಳ ತಡವಾಗಿ. 2015ರಲ್ಲಿ ಮಿಶೆಲಿನ್ ಕಂಪನಿಯ ಕ್ರಾಸ್‌ಕ್ಲೈಮೇಟ್ ಹಿಮದ ಪರೀಕ್ಷೆಯಲ್ಲೂ ತೇರ್ಗಡೆಯಾದ ಬೇಸಿಗೆಯ ಟೈರಾಗಿ ಬಂದ ಮೇಲೆ ಈ ಬಗೆಗೆ ಅಲ್ಲಿ ಹೊಸ ಬೆಲೆ ಬಂದಿತು.

ಗುರುತುಗಳನ್ನು ಓದುವುದು

ಟೈರಿನ ಪಕ್ಕದ ಗೋಡೆಯ ಮೇಲಿನ ಎರಡು ಗುರುತುಗಳ ವ್ಯತ್ಯಾಸ ತಿಳಿಯದೆ ಮೋಸಹೋಗುವವರು ಬಹಳ. ‘ಎಂ+ಎಸ್’ ಎಂದರೆ ಕೆಸರು ಮತ್ತು ಹಿಮ. ತೋಡುಗಳು ನಿರ್ದಿಷ್ಟ ಆಕಾರದಲ್ಲಿದ್ದು ಸಾಕಷ್ಟು ತೆರಪು ಬಿಟ್ಟಿದ್ದರೆ ತಯಾರಕರು ಈ ಗುರುತು ಹಾಕಬಹುದು. ಇದಕ್ಕೆ ಹಿಮದ ಮೇಲಿನ ಪರೀಕ್ಷೆ ಬೇಕಿಲ್ಲ.

ಮೂರು ಶಿಖರಗಳ ಬೆಟ್ಟದೊಳಗೆ ಹಿಮದ ಹರಳು ಇರುವ ಚಿತ್ರ ಎರಡನೆಯ ಗುರುತು. 1999ರಲ್ಲಿ ಅಮೆರಿಕ ಮತ್ತು ಕೆನಡದ ಟೈರು ತಯಾರಕರ ಸಂಘಗಳು ಇದನ್ನು ಜಾರಿಗೆ ತಂದವು. ಈ ಗುರುತು ಪಡೆಯಲು ಟೈರು ಗಟ್ಟಿ ಹಿಮದ ಮೇಲಿನ ಪರೀಕ್ಷೆಯಲ್ಲಿ ಗೊತ್ತುಪಡಿಸಿದ ಹೋಲಿಕೆಯ ಟೈರಿಗಿಂತ ನಿಗದಿತ ಪ್ರಮಾಣದಷ್ಟು ಹೆಚ್ಚು ಹಿಡಿತ ತೋರಿಸಬೇಕು. ಮೊದಲ ಮಾನದಂಡದಲ್ಲಿ ಹೋಲಿಕೆಯ ಟೈರಿಗೆ 100 ಎಂದರೆ ಇದಕ್ಕೆ ಕನಿಷ್ಠ 110 ಬರಬೇಕಿತ್ತು. ಈ ಗುರುತಿಗೂ ಮಿತಿಯುಂಟು: ಅದು ಹಿಮದ ಪರೀಕ್ಷೆ, ಮಂಜುಗಡ್ಡೆಯದಲ್ಲ. ಮಂಜುಗಡ್ಡೆಯ ಹಿಡಿತಕ್ಕೆಂದು ಯೂರೋಪ್ ಒಕ್ಕೂಟದ 2021ರ ಹೊಸ ಟೈರು ಚೀಟಿಯಲ್ಲಿ ಬೇರೆಯೇ ಚಿಹ್ನೆ ಸೇರಿದೆ.

ಹೆಸರುಗಳೂ ನಾಡಿನಿಂದ ನಾಡಿಗೆ ಬದಲಾಗುತ್ತವೆ. ಉತ್ತರ ಅಮೆರಿಕದಲ್ಲಿ ‘ಆಲ್ ಸೀಸನ್’ ಎಂದರೆ ಅನೇಕ ವೇಳೆ ಬರೀ ಎಂ+ಎಸ್ ಗುರುತಿನ ಟೈರು. ಹಿಮಹರಳಿನ ಗುರುತೂ ಇರುವ ವರ್ಷಪೂರ್ತಿ ಟೈರನ್ನು ಅಲ್ಲಿ ‘ಆಲ್ ವೆದರ್’ ಎಂದು ಬೇರ್ಪಡಿಸುತ್ತಾರೆ. ಯೂರೋಪಿನಲ್ಲಿ ಸರ್ವಋತು ಟೈರು ಎಂದು ಮಾರುವುದು ಹೆಚ್ಚಾಗಿ ಈ ಎರಡನೆಯದನ್ನು. ಹಾಗಾಗಿ ಟೊರಾಂಟೊದ ಗೆಳೆಯರು ಸರ್ವಋತು ಟೈರು ಬೇಡವೆಂದರೆ, ಮ್ಯೂನಿಕ್‌ನ ಗೆಳೆಯರು ಸಾಕೆಂದರೆ, ಇಬ್ಬರೂ ಬೇರೆ ಬೇರೆ ಟೈರಿನ ಬಗ್ಗೆ ಮಾತನಾಡುತ್ತಿರಬಹುದು. ಕೊಳ್ಳುವವರು ಹೆಸರನ್ನು ಬಿಟ್ಟು ಹಿಮಹರಳಿನ ಚಿತ್ರವನ್ನು ಹುಡುಕುವುದು ಒಳ್ಳೆಯದು.

ನಿಲ್ಲುವ ದೂರ

ಬ್ರೇಕು ಹಾಕಿದ ಮೇಲೆ ಕಾರು ಸಾಗುವ ದೂರವು ವೇಗದ ವರ್ಗಕ್ಕೆ ಅನುಗುಣವಾಗಿ ಹೆಚ್ಚುತ್ತದೆ, ಘರ್ಷಣಾಂಕಕ್ಕೆ ವಿಲೋಮವಾಗಿ ಬದಲಾಗುತ್ತದೆ. ಗಂಟೆಗೆ 50 ಕಿ.ಮೀ. ವೇಗದಲ್ಲಿರುವ ಕಾರು ಘರ್ಷಣಾಂಕ 0.8 ಇರುವ ಒಣ ರಸ್ತೆಯಲ್ಲಿ ಸುಮಾರು 12 ಮೀಟರಿನಲ್ಲಿ ನಿಲ್ಲಬಲ್ಲದು. ಘರ್ಷಣಾಂಕ 0.3 ಆದರೆ 33 ಮೀಟರು, 0.2 ಆದರೆ 49 ಮೀಟರು ಬೇಕು. ಮಂಜುಗಡ್ಡೆಯ ಮೇಲೆ ಅದು 0.1ಕ್ಕೆ ಇಳಿದರೆ 98 ಮೀಟರು. ಚಾಲಕ ಅಪಾಯ ಕಂಡು ಬ್ರೇಕಿಗೆ ಕಾಲಿಡುವಷ್ಟರಲ್ಲಿ ಸಾಗುವ ದೂರ ಇದರಲ್ಲಿ ಸೇರಿಲ್ಲ.

ಹಿಮದ ಮೇಲೆ 0.2 ಮತ್ತು 0.3ರ ನಡುವಿನ ಅಂತರ ಕಾಗದದ ಮೇಲೆ ಕಿರಿದು. ರಸ್ತೆಯಲ್ಲಿ ಅದು 16 ಮೀಟರು, ಅಂದರೆ ಒಂದರ ಹಿಂದೊಂದು ನಿಂತ ಮೂರು ಕಾರುಗಳಿಗಿಂತ ಉದ್ದ. ಶಾಲೆಯ ಮುಂದೆ ರಸ್ತೆ ದಾಟುವ ಮಗುವಿನ ಜೀವ ಆ 16 ಮೀಟರಿನಲ್ಲಿದೆ. ಟೈರಿನ ಆಯ್ಕೆಯನ್ನು ಬರೀ ಖರ್ಚಿನ ಲೆಕ್ಕವಾಗಿ ನೋಡಬಾರದೆಂಬುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ.

ಎರಡೇ ಸಾಕೆ?

ದೂಡುವ ಚಕ್ರಗಳಿಗೆ ಮಾತ್ರ ಚಳಿಗಾಲದ ಟೈರು ಹಾಕಿಸಿ ಅರ್ಧ ಹಣ ಉಳಿಸುವ ರೂಢಿ ಹಿಂದೆ ಎಲ್ಲೆಡೆ ಇತ್ತು. ಹಿಂಚಕ್ರ ಚಾಲನೆಯ ಕಾರಿಗೆ ಹಿಂದೆ ಮಾತ್ರ ಹಾಕಿದರೆ ಕಾರು ಚೆನ್ನಾಗಿಯೇ ಹೊರಡುತ್ತದೆ. ಅದರಿಂದ ಹುಟ್ಟುವ ಧೈರ್ಯವೇ ಅಪಾಯಕಾರಿ. ಬ್ರೇಕು ಒತ್ತಿದಾಗ ಭಾರ ಮುಂದಕ್ಕೆ ಸರಿಯುತ್ತದೆ, ನಿಲ್ಲಿಸುವ ಕೆಲಸದ ಹೆಚ್ಚು ಪಾಲು ಮುಂದಿನ ಚಕ್ರಗಳ ಮೇಲೆ ಬೀಳುತ್ತದೆ. ದಿಕ್ಕು ತಿರುಗಿಸುವವೂ ಅವೇ. ಗಡುಸಾದ ಬೇಸಿಗೆ ಟೈರು ಅಲ್ಲಿದ್ದರೆ ಕಾರು ತಿರುವಿನಲ್ಲಿ ಸ್ಟಿಯರಿಂಗಿನ ಮಾತು ಕೇಳದೆ ನೇರ ಹೋಗುತ್ತದೆ. ಮುಂದೆ ಮಾತ್ರ ಹಾಕಿದರೆ ಗತಿ ಇನ್ನೂ ಕೆಟ್ಟದ್ದು: ಮೂತಿ ಹಿಡಿಯುತ್ತದೆ, ಹಿಂಬದಿ ಜಾರಿ ಕಾರು ಬುಗುರಿಯಂತೆ ಸುತ್ತುತ್ತದೆ. ಯಾವ ಚಕ್ರ ದೂಡಿದರೂ ನಾಲ್ಕಕ್ಕೂ ಒಂದೇ ಬಗೆಯ ಟೈರು ಎಂಬುದು ಇಂದು ತಯಾರಕರೂ ಸುರಕ್ಷತಾ ಸಂಸ್ಥೆಗಳೂ ಒಮ್ಮತದಿಂದ ಹೇಳುವ ನಿಯಮ.

ಅಳತೆ ಮತ್ತು ಗಾಳಿ

ಶಕ್ತಿಶಾಲಿ ಹಿಂಚಕ್ರ ಚಾಲನೆಯ ಕಾರುಗಳಲ್ಲಿ ಹಿಂದಿನ ಟೈರು ಮುಂದಿನದಕ್ಕಿಂತ ಅಗಲವಾಗಿರುವುದುಂಟು. ಒಣ ರಸ್ತೆಗೆ ಇದು ಒಳ್ಳೆಯದು. ಸಡಿಲ ಹಿಮದಲ್ಲಿ ಅಗಲ ಟೈರು ಹಿಮದ ಮೇಲೆ ತೇಲಲು ನೋಡುತ್ತದೆ, ಕಿರಿದಾದ ಟೈರು ಹಿಮವನ್ನು ಸೀಳಿಕೊಂಡು ಕೆಳಗಿನ ಗಟ್ಟಿ ನೆಲ ಮುಟ್ಟುತ್ತದೆ. ಆದ್ದರಿಂದ ಕಾರಿನ ಕೈಪಿಡಿ ಒಪ್ಪುವ ಅಳತೆಗಳ ಪೈಕಿ ಕಿರಿದಾದುದನ್ನು, ಒಂದು ಇಂಚು ಸಣ್ಣ ರಿಮ್ಮಿನ ಮೇಲೆ, ನಾಲ್ಕೂ ಕಡೆ ಒಂದೇ ಅಳತೆಯಲ್ಲಿ ಹಾಕಿಸುವುದು ವಾಡಿಕೆ. ಸಣ್ಣ ರಿಮ್ಮಿನಿಂದ ಟೈರಿನ ಪಕ್ಕದ ಗೋಡೆ ಎತ್ತರವಾಗುತ್ತದೆ, ಹಿಮದಡಿ ಅಡಗಿದ ಗುಂಡಿಗೆ ಬಿದ್ದರೂ ರಿಮ್ಮು ಉಳಿಯುತ್ತದೆ. ನಾಲ್ಕೂ ಒಂದೇ ಅಳತೆಯಾದರೆ ಮುಂದಿನವನ್ನು ಹಿಂದಕ್ಕೂ ಹಿಂದಿನವನ್ನು ಮುಂದಕ್ಕೂ ಬದಲಿಸಿ ಸಮನಾಗಿ ಸವೆಸಬಹುದು. ಬ್ರೇಕಿನ ಭಾಗಗಳಿಗೆ ಸಣ್ಣ ರಿಮ್ಮು ತಾಗದಂತಿದೆಯೇ ಎಂದು ಮೊದಲೇ ನೋಡಿಕೊಳ್ಳಬೇಕು.

ಚಳಿಯಲ್ಲಿ ಟೈರಿನೊಳಗಿನ ಗಾಳಿಯ ಒತ್ತಡ ತಾನಾಗಿ ಇಳಿಯುತ್ತದೆ. 20 ಡಿಗ್ರಿ ಬೆಚ್ಚಗಿನ ಗ್ಯಾರೇಜಿನಲ್ಲಿ 33 ಪಿಎಸ್ಐ ತುಂಬಿದ ಟೈರು ಸೊನ್ನೆಗಿಂತ 10 ಡಿಗ್ರಿ ಕೆಳಗಿನ ಬೀದಿಯಲ್ಲಿ ಸುಮಾರು 28 ಪಿಎಸ್ಐ ತೋರಿಸುತ್ತದೆ. ಮೊದಲ ಚಳಿಯ ಬೆಳಿಗ್ಗೆ ಎಷ್ಟೋ ಕಾರುಗಳಲ್ಲಿ ಟೈರಿನ ಎಚ್ಚರಿಕೆಯ ದೀಪ ಹೊತ್ತಿಕೊಳ್ಳುವುದು ಇದರಿಂದ. ತಂಪಾದ ಟೈರಿನಲ್ಲಿ ಒತ್ತಡ ಅಳೆದು, ಕೈಪಿಡಿ ಹೇಳಿದಷ್ಟು ತುಂಬಬೇಕು.

ಎಲೆಕ್ಟ್ರಾನಿಕ್ ನೆರವು ಮತ್ತು ವಿದ್ಯುತ್ ಕಾರು

ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ಎಬಿಎಸ್ 1978ರಲ್ಲಿ ಮರ್ಸಿಡಿಸ್ ಎಸ್-ಕ್ಲಾಸ್ ಕಾರಿಗೂ, ಕಾರು ಅಡ್ಡ ಜಾರದಂತೆ ಕಾಯುವ ಸ್ಥಿರತಾ ನಿಯಂತ್ರಣ 1995ರಲ್ಲಿ ಅದೇ ಕಂಪನಿಯ ಕಾರಿಗೂ ಬಂದವು. ಎರಡನೆಯದು ಅಮೆರಿಕದಲ್ಲಿ 2012ರ ಮಾದರಿಗಳಿಂದ, ಯೂರೋಪ್ ಒಕ್ಕೂಟದಲ್ಲಿ 2014ರಿಂದ ಎಲ್ಲ ಹೊಸ ಕಾರುಗಳಿಗೆ ಕಡ್ಡಾಯ. ಹಿಂಬದಿ ಬೀಸುವ ಸೂಚನೆ ಸಿಕ್ಕ ಕ್ಷಣದಲ್ಲೇ ಈ ವ್ಯವಸ್ಥೆ ಎಂಜಿನ್ನಿನ ಬಲ ತಗ್ಗಿಸಿ, ಬೇಕಾದ ಒಂದೇ ಚಕ್ರಕ್ಕೆ ಬ್ರೇಕು ಹಾಕಿ ಕಾರನ್ನು ನೇರಗೊಳಿಸುತ್ತದೆ. ಹಿಂಚಕ್ರ ಚಾಲನೆಯ ಹಳೆಯ ಭಯವನ್ನು ಬಹುಮಟ್ಟಿಗೆ ಕಳೆದದ್ದು ಇದೇ. ಆದರೂ ಅದು ಇರುವ ಹಿಡಿತವನ್ನು ಜಾಣತನದಿಂದ ಹಂಚುತ್ತದೆ ಅಷ್ಟೇ, ಇಲ್ಲದ ಹಿಡಿತವನ್ನು ಹುಟ್ಟಿಸಲಾರದು.

ವಿದ್ಯುತ್ ಕಾರುಗಳು ಹಿಂಚಕ್ರ ಚಾಲನೆಗೆ ಮರುಹುಟ್ಟು ಕೊಟ್ಟಿವೆ. ಟೆಸ್ಲಾ ಮಾಡೆಲ್ 3 ಮತ್ತು ಫೋಕ್ಸ್‌ವ್ಯಾಗನ್ ಐಡಿ.3 ಕಾರುಗಳ ಒಂಟಿ ಮೋಟಾರಿನ ಮಾದರಿಗಳಲ್ಲಿ ಮೋಟಾರು ಹಿಂದಿನ ಅಚ್ಚಿನ ಬಳಿ ಇದೆ. ನೆಲದಡಿಯ ಬ್ಯಾಟರಿಯಿಂದ ಭಾರ ಎರಡೂ ಅಚ್ಚುಗಳಿಗೆ ಹಂಚಿಹೋಗುತ್ತದೆ, ಮೋಟಾರಿನ ಬಲವನ್ನು ಅತಿ ಸೂಕ್ಷ್ಮವಾಗಿ ನಿಯಂತ್ರಿಸಲೂ ಬರುತ್ತದೆ. ಒಂದು ಎಚ್ಚರಿಕೆ ಮಾತ್ರ ಬೇಕು. ಕಾಲು ತೆಗೆದ ಕೂಡಲೇ ಮೋಟಾರು ವಿದ್ಯುತ್ ಮರಳಿ ಪಡೆಯುತ್ತ ಹಿಂಚಕ್ರಗಳನ್ನು ತಡೆಯುತ್ತದೆ. ಮಂಜುಗಡ್ಡೆಯ ತಿರುವಿನಲ್ಲಿ ಇದು ಹಿಂಬದಿಯನ್ನು ಜಾರಿಸಬಲ್ಲದು. ಅಂಥ ದಾರಿಯಲ್ಲಿ ಈ ತಡೆಯನ್ನು ಕಡಿಮೆ ಮಾಡುವ ಸೌಲಭ್ಯ ಕಾರಿನಲ್ಲಿದ್ದರೆ ಬಳಸುವುದು, ಕಾಲನ್ನು ನಿಧಾನವಾಗಿ ತೆಗೆಯುವುದು ಒಳಿತು.

ಕಾನೂನು

ಕೆನಡದಲ್ಲಿ ಚಳಿಗಾಲದ ಟೈರನ್ನು ಪ್ರಾಂತ್ಯದಾದ್ಯಂತ ಕಡ್ಡಾಯ ಮಾಡಿದ ಮೊದಲ ಪ್ರಾಂತ್ಯ ಕ್ವಿಬೆಕ್. 2008ರಲ್ಲಿ ಆರಂಭವಾದ ಈ ನಿಯಮ 2019ರಿಂದ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಅನ್ವಯಿಸುತ್ತದೆ. ಬ್ರಿಟಿಷ್ ಕೊಲಂಬಿಯದಲ್ಲಿ ಗೊತ್ತುಪಡಿಸಿದ ಬೆಟ್ಟದ ದಾರಿಗಳಿಗೆ ಅಕ್ಟೋಬರ್ 1ರಿಂದಲೇ ಚಳಿಗಾಲದ ಟೈರು ಬೇಕು. ಒಂಟಾರಿಯೊದಲ್ಲಿ ಕಡ್ಡಾಯವಿಲ್ಲ, ಆದರೆ 2016ರಿಂದ ಚಳಿಗಾಲದ ಟೈರು ಹಾಕಿಸಿದವರಿಗೆ ವಿಮಾ ಕಂಪನಿಗಳು ರಿಯಾಯಿತಿ ಕೊಡಬೇಕು.

ಜರ್ಮನಿಯಲ್ಲಿ ತಾರೀಖಿನ ಬದಲು ಪರಿಸ್ಥಿತಿಯೇ ಅಳತೆಗೋಲು. ಹಿಮ, ಮಂಜುಗಡ್ಡೆ, ಕರಗಿದ ಹಿಮದ ರಾಡಿ ಇದ್ದಾಗ ತಕ್ಕ ಟೈರಿಲ್ಲದೆ ಓಡಿಸುವುದು ಅಪರಾಧ. 2018ರಿಂದ ತಯಾರಾದ ಟೈರುಗಳಿಗೆ ಹಿಮಹರಳಿನ ಗುರುತು ಬೇಕೇ ಬೇಕು. ಹಳೆಯ ಎಂ+ಎಸ್ ಟೈರುಗಳಿಗಿದ್ದ ವಿನಾಯಿತಿ 2024ರ ಸೆಪ್ಟೆಂಬರ್ 30ಕ್ಕೆ ಮುಗಿಯಿತು. ಅಕ್ಟೋಬರಿನಿಂದ ಈಸ್ಟರ್‌ವರೆಗೆ ಎಂಬುದು ಅಲ್ಲಿನವರು ನೆನಪಿಡುವ ಸೂತ್ರ. ಆಸ್ಟ್ರಿಯದಲ್ಲಿ ನವೆಂಬರ್ 1ರಿಂದ ಏಪ್ರಿಲ್ 15ರ ನಡುವೆ ಚಳಿಗಾಲದ ಪರಿಸ್ಥಿತಿ ಇದ್ದರೆ ಕಡ್ಡಾಯ, ತೋಡಿನ ಆಳ ಕನಿಷ್ಠ 4 ಮಿ.ಮೀ. ಇರಬೇಕು. ಸ್ವೀಡನ್ನಿನಲ್ಲಿ ಡಿಸೆಂಬರ್ 1ರಿಂದ, ಫಿನ್ಲೆಂಡಿನಲ್ಲಿ ನವೆಂಬರ್ 1ರಿಂದ ಮಾರ್ಚ್ ಕೊನೆಯವರೆಗೆ ಇಂಥದೇ ನಿಯಮಗಳಿವೆ.

ಆಯ್ಕೆ

ಮೂರು ಪ್ರಶ್ನೆಗಳಿಗೆ ಪ್ರಾಮಾಣಿಕವಾಗಿ ಉತ್ತರಿಸಿಕೊಂಡರೆ ಆಯ್ಕೆ ಸುಲಭವಾಗುತ್ತದೆ. ವಾಸವಿರುವ ಊರಿನಲ್ಲಿ ಹಿಮ ವಾರಗಟ್ಟಲೆ ನಿಲ್ಲುತ್ತದೆಯೇ, ಬಿದ್ದ ದಿನವೇ ಕರಗುತ್ತದೆಯೇ? ನಸುಕಿನಲ್ಲಿ, ರಸ್ತೆಯ ಹಿಮ ಗೋರುವ ಮುಂಚೆಯೇ ಕೆಲಸಕ್ಕೆ ಹೊರಡಬೇಕೇ, ಅಂಥ ದಿನ ಮನೆಯಲ್ಲೇ ಉಳಿಯಬಹುದೇ? ದಾರಿಯಲ್ಲಿ ಏರುಗಳಿವೆಯೇ?

ಮಾಂಟ್ರಿಯಲ್, ಒಟ್ಟಾವ, ಮಿನಿಯಾಪೊಲಿಸ್, ಹೆಲ್ಸಿಂಕಿಯಂಥ ಊರುಗಳಲ್ಲಿ ಹಿಂಚಕ್ರ ಚಾಲನೆಯ ಕಾರಿಗೆ ಅಪ್ಪಟ ಚಳಿಗಾಲದ ಟೈರು ನಾಲ್ಕೂ ಬೇಕು. ಲಂಡನ್ ಅಥವಾ ಸಿಯಾಟಲ್‌ನಂತೆ ಹಿಮ ಅಪರೂಪಕ್ಕೆ ಬಂದು ಹೋಗುವ ಊರುಗಳಲ್ಲಿ ಹಿಮಹರಳಿನ ಗುರುತಿನ ಸರ್ವಋತು ಟೈರು ತಕ್ಕ ಆಯ್ಕೆ. ಎಂ+ಎಸ್ ಗುರುತು ಮಾತ್ರ ಇರುವ ಟೈರು ಹಿಮ ಬೀಳದ, ತಂಪಾದ ಮಳೆಯ ಊರುಗಳಿಗೆ ಸಾಕು. ಎರಡರ ನಡುವೆ ತೂಗಾಡುವವರಿಗೆ ಕಾರಿನ ಸ್ವಭಾವವೇ ತೀರ್ಪು ಕೊಡಬೇಕು: ಮುಂಚಕ್ರ ಚಾಲನೆಯಲ್ಲಿ ಹೇಗೋ ನಿಭಾಯಿಸಬಹುದಾದ ಕೊರತೆ ಹಿಂಚಕ್ರ ಚಾಲನೆಯಲ್ಲಿ ಬೇಗ ಬಯಲಾಗುತ್ತದೆ. ಆದ್ದರಿಂದ ಇಲ್ಲಿ ಸಂದೇಹವಿದ್ದರೆ ಹೆಚ್ಚು ಹಿಡಿತದ ಕಡೆಗೇ ವಾಲಬೇಕು.

ಎರಡು ಜೊತೆ ಟೈರು ದುಬಾರಿ ಎಂಬ ಮಾತಿಗೆ ಉತ್ತರವಿದೆ. ಒಂದು ಜೊತೆ ಓಡುವಾಗ ಇನ್ನೊಂದು ಸವೆಯುವುದಿಲ್ಲ. ಎರಡೂ ಹೆಚ್ಚು ವರ್ಷ ಬಾಳುತ್ತವೆ. ನಿಜವಾದ ಹೆಚ್ಚುವರಿ ಖರ್ಚು ಎರಡನೆಯ ಜೊತೆ ರಿಮ್ಮು, ಬದಲಿಸುವ ಕೂಲಿ ಮತ್ತು ಇಟ್ಟುಕೊಳ್ಳುವ ಜಾಗದ್ದು. ಬಳಕೆಯಲ್ಲಿಲ್ಲದ ಟೈರನ್ನು ತೊಳೆದು, ಬಿಸಿಲು ಬೀಳದ ತಂಪಾದ ಒಣ ಜಾಗದಲ್ಲಿಡಬೇಕು. ರಿಮ್ಮಿನೊಡನೆ ಇದ್ದರೆ ಒಂದರ ಮೇಲೊಂದು ಪೇರಿಸಬಹುದು, ರಿಮ್ಮಿಲ್ಲದಿದ್ದರೆ ನಿಲ್ಲಿಸಬೇಕು. ಹಳೆಯ ಟೈರು ಕೊಳ್ಳುವವರು ಪಕ್ಕದ ಗೋಡೆಯ ನಾಲ್ಕು ಅಂಕಿಗಳನ್ನು ಓದಬೇಕು. ‘3521’ ಎಂದಿದ್ದರೆ ಅದು 2021ರ 35ನೆಯ ವಾರ ತಯಾರಾದ ಟೈರು. ತೋಡು ಆಳವಾಗಿದ್ದರೂ ವಯಸ್ಸಾದ ರಬ್ಬರು ಗಡುಸಾಗಿರುತ್ತದೆ.

ಮರಳಿನ ಚೀಲ, ಸರಪಳಿ, ಚಾಲನೆ

ಡಿಕ್ಕಿಯಲ್ಲಿ ಮರಳಿನ ಚೀಲ ಹೇರುವುದು ಹಿಂಚಕ್ರ ಚಾಲನೆಯ ಒಡೆಯರ ಹಳೆಯ ಉಪಾಯ. ಖಾಲಿ ಪಿಕಪ್ ಗಾಡಿಗೆ ಇದರಿಂದ ನಿಜವಾದ ಲಾಭವಿದೆ. ಚೀಲಗಳು ಹಿಂದಿನ ಅಚ್ಚಿನ ನೇರ ಮೇಲಿರಬೇಕು. ಅದಕ್ಕಿಂತ ಹಿಂದೆ ಇಟ್ಟರೆ ತಕ್ಕಡಿಯಂತೆ ಮುಂದಿನ ಚಕ್ರಗಳ ಭಾರ ಕಡಿಮೆಯಾಗಿ ಸ್ಟಿಯರಿಂಗ್ ಹಿಡಿತ ಕಳೆದುಕೊಳ್ಳುತ್ತದೆ. ಅಪಘಾತದಲ್ಲಿ ಮುಂದಕ್ಕೆ ಹಾರದಂತೆ ಬಿಗಿದು ಕಟ್ಟಿರಬೇಕು. ಸಿಕ್ಕಿಹಾಕಿಕೊಂಡಾಗ ಅದೇ ಮರಳನ್ನು ಚಕ್ರದಡಿ ಚೆಲ್ಲಬಹುದು. ಸಮತೂಕದ ಆಧುನಿಕ ಕಾರಿಗೆ ಒಳ್ಳೆಯ ಟೈರಿದ್ದರೆ ಚೀಲದ ಅಗತ್ಯ ಕಾಣದು.

ಬೆಟ್ಟದ ದಾರಿಗಳಲ್ಲಿ ಸರಪಳಿ ಬೇಕಾದರೆ ಅದನ್ನು ಕಟ್ಟುವುದು ದೂಡುವ ಚಕ್ರಗಳಿಗೆ, ಅಂದರೆ ಇಲ್ಲಿ ಹಿಂದಿನವಕ್ಕೆ. ಸರಪಳಿ ಕಟ್ಟಿ ಗಂಟೆಗೆ 50 ಕಿ.ಮೀ. ಮೀರಬಾರದು.

ಚಾಲನೆಯ ಗುಟ್ಟು ನಯವಾದ ಕಾಲು. ಆಕ್ಸಿಲರೇಟರ್, ಬ್ರೇಕು, ಸ್ಟಿಯರಿಂಗ್ ಮೂರನ್ನೂ ತುಂಬಿದ ಲೋಟ ಹಿಡಿದವರಂತೆ ಕದಲಿಸಬೇಕು. ವೇಗವನ್ನು ತಿರುವಿಗೆ ಮುಂಚೆಯೇ, ನೇರ ದಾರಿಯಲ್ಲೇ ಇಳಿಸಬೇಕು. ಹಿಂಬದಿ ಬೀಸಿದರೆ ಕಾಲು ಮೆಲ್ಲಗೆ ತೆಗೆದು, ಹೋಗಬೇಕಾದ ಕಡೆಗೆ ದೃಷ್ಟಿ ನೆಟ್ಟು, ಅತ್ತಲೇ ಸ್ಟಿಯರಿಂಗ್ ತಿರುಗಿಸಬೇಕು. ಮೊದಲ ಹಿಮ ಬಿದ್ದಾಗ ಖಾಲಿ ಮೈದಾನದಲ್ಲಿ ಅರ್ಧ ಗಂಟೆ ಇದನ್ನು ಅಭ್ಯಾಸ ಮಾಡಿದವರಿಗೆ ಕಾರಿನ ಸ್ವಭಾವ ಕೈಗೆ ತಿಳಿದಿರುತ್ತದೆ.

ಭಾರತ ಮತ್ತು ಕನ್ನಡಿಗರು

ಭಾರತದ ರಸ್ತೆಗಳಲ್ಲಿ ಹಿಂಚಕ್ರ ಚಾಲನೆ ಹಳೆಯ ಪರಿಚಯ. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ ಎರಡೂ ಹಿಂದಿನಿಂದ ದೂಡುವ ಕಾರುಗಳು. 1983ರಲ್ಲಿ ಬಂದ ಮಾರುತಿ 800 ಮುಂಚಕ್ರ ಚಾಲನೆಯನ್ನು ಮನೆಮಾತಾಗಿಸಿತು. ಆದರೆ ಬೆಂಗಳೂರಿನಲ್ಲಿ ದಾಖಲಾದ ಅತಿ ಕಡಿಮೆ ಉಷ್ಣಾಂಶವೇ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ಯೂರೋಪಿನವರು ಟೈರು ಬದಲಿಸುವ ಗೆರೆಯನ್ನು ನಮ್ಮ ರಾಜಧಾನಿಯ ದಾಖಲೆಯ ಚಳಿಯೂ ಮುಟ್ಟಿಲ್ಲ. ಹೀಗಾಗಿ ಚಳಿಗಾಲದ ಟೈರಿನ ವಿವೇಕ ಕನ್ನಡಿಗರಿಗೆ ಬಳುವಳಿಯಾಗಿ ಬಂದದ್ದಲ್ಲ, ಕಲಿಯಬೇಕಾದದ್ದು. ಮನಾಲಿಯಿಂದ ಅಟಲ್ ಸುರಂಗದ ಕಡೆಗೆ ಚಳಿಗಾಲದಲ್ಲಿ ಹೊರಡುವ ಪ್ರವಾಸಿಗರ ಕಾರುಗಳು ಬಯಲುಸೀಮೆಯ ಟೈರಿನಲ್ಲೇ ಹಿಮಕ್ಕಿಳಿದು ಜಾರುವುದು ಇದನ್ನೇ ತೋರಿಸುತ್ತದೆ. ಅಲ್ಲಿ ಸರಪಳಿ ಕಟ್ಟಿದ, ಸ್ಥಳೀಯ ಚಾಲಕರ ಗಾಡಿಯಲ್ಲಿ ಹೋಗುವುದೇ ಜಾಣತನ. ವಿಶೇಷವೆಂದರೆ, ಚಳಿಗಾಲದ ಮತ್ತು ಸರ್ವಋತು ಟೈರುಗಳಿಗೆ ಹೆಸರಾದ ನೆದರ್ಲೆಂಡ್ಸಿನ ವ್ರೆಡೆಸ್ಟೈನ್ 2009ರಿಂದ ಭಾರತದ ಅಪೊಲೊ ಟೈರ್ಸ್ ಒಡೆತನದಲ್ಲಿದೆ.

ಮೈಸೂರು, ಹುಬ್ಬಳ್ಳಿ, ಮಂಗಳೂರಿನಿಂದ ಹೊರಟು ಟೊರಾಂಟೊ, ಷಿಕಾಗೊ, ಮ್ಯೂನಿಕ್ ಸೇರಿದವರು ಮೊದಲ ವರ್ಷ ದಪ್ಪ ಕೋಟು, ಕೈಗವಸು, ಬೂಟುಗಳನ್ನು ಮರೆಯದೆ ಕೊಳ್ಳುತ್ತಾರೆ. ಅಗ್ಗಕ್ಕೆ ಸಿಕ್ಕ ಹಳೆಯ ಹಿಂಚಕ್ರ ಚಾಲನೆಯ ಕಾರಿಗೆ ಯಾವ ಟೈರಿದೆಯೆಂದು ನೋಡುವುದು ಅನೇಕರಿಗೆ ಹೊಳೆಯುವುದಿಲ್ಲ. ಕಾರು ಎಷ್ಟೇ ದೊಡ್ಡದಿರಲಿ, ಅದು ನೆಲವನ್ನು ಮುಟ್ಟುವುದು ನಾಲ್ಕು ಅಂಗೈಗಳಷ್ಟು ಜಾಗದಲ್ಲಿ. ಕಾರು ಕೊಳ್ಳುವ ದಿನ ಬಗ್ಗಿ ಕೂತು ಆ ನಾಲ್ಕು ಕಡೆ ಹಿಮಹರಳಿನ ಗುರುತನ್ನು ಹುಡುಕಬೇಕು, ತೋಡಿನ ಆಳ ಅಳೆಯಬೇಕು, ತಯಾರಾದ ವರ್ಷ ಓದಬೇಕು. ಐದು ನಿಮಿಷದ ಈ ಕೆಲಸ ಮೊದಲ ಹಿಮ ಬೀಳುವ ಮುಂಚೆಯೇ ಆಗಬೇಕು.